ಮಾಲೆ ಹಾಕಿದ್ರೆ 48 ದಿನ ಮುಟ್ಟಲ್ಲ, ಇಳಿಸಿದ ದಿನಾನೇ ಶುರು. ಇದು ಚಟಾನಾ ಕಾಯಿಲೆನಾ?

ಶಿರಾ_ಸೀಮೆ

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ.

ನಮ್ಮಣ್ಣನ ವಿಷ್ಯ. 36 ವರ್ಷ, ಪ್ಲಂಬಿಂಗ್ ಮತ್ತೆ ಮೋಟ್ರು ರಿಪೇರಿ. ಕೈಗುಣ ಚೆನ್ನಾಗಿದೆ, ನಮ್ ಕಡೆ ಯಾರ ತೋಟದಲ್ಲಿ ಬೋರಿನ ಮೋಟ್ರು ಕೆಟ್ರೂ ಇವನನ್ನೇ ಕರಿಯೋದು. ಏಳೆಂಟು ವರ್ಷದ ಹಿಂದೆ ಬಾಡೂಟದ ದಿನ ಕುಡೀತಿದ್ದ ಅಷ್ಟೆ, ಆಮೇಲೆ ದಿನಾ ಸಾಯಂಕಾಲ ಆಯ್ತು, ಈಗ ಎರಡು ವರ್ಷದಿಂದ ಬೆಳಗ್ಗೆ ಎದ್ದ ತಕ್ಷಣ ಒಂದು ನೈಂಟಿ ಬೀಳಲಿಲ್ಲ ಅಂದ್ರೆ ಕೈ ನಡುಗುತ್ತೆ, ಸ್ಪ್ಯಾನರ್ ಹಿಡಿಯಕ್ಕಾಗಲ್ಲ. ದಿನಕ್ಕೆ ಎರಡು ಕ್ವಾರ್ಟರ್ ಅಂತ ಅವನೇ ಒಪ್ಕೋತಾನೆ, ಅಂದ್ರೆ ಮೂರು ಅಂತ ಲೆಕ್ಕ ಇಟ್ಕೊಳಿ. ಅತ್ತಿಗೆ ಮಗೂನ ಕರ್ಕೊಂಡು ತವರಿಗೆ ಹೋಗಿ ಐದು ತಿಂಗಳಾಯ್ತು.

ನನ್ ತಲೆ ಕೆಡ್ಸಿರೋದು ಏನಂದ್ರೆ ಅವನು ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕ್ತಾನೆ, ಹಾಕಿದ್ರೆ 48 ದಿನ ಒಂದು ಹನಿ ಮುಟ್ಟಲ್ಲ, ಬರಿಗಾಲು, ಬೆಳಗಿನ ಜಾವ ತಣ್ಣೀರು ಸ್ನಾನ, ಒಪ್ಪೊತ್ತು ಊಟ, ಎಲ್ಲ ಕಟ್ಟುನಿಟ್ಟು. ಶಬರಿಮಲೆಯಿಂದ ಬಂದು ಮಾಲೆ ಇಳಿಸಿದ ರಾತ್ರಿನೇ ಮತ್ತೆ ಬಾರಲ್ಲಿ. ಹಂಗಾದ್ರೆ ಬಿಡಕ್ಕೆ ಆಗುತ್ತೆ ಅಂತ ಆಯ್ತಲ್ಲ? ಬೇಕಂತಲೇ ಕುಡೀತಾನೆ ಅಂತ ಅಪ್ಪ ಹೇಳೋದು ಸರಿನಾ? ಇಲ್ಲ ಇದು ಕಾಯಿಲೆ ಅಂತಾರಲ್ಲ ಅದು ಸರಿನಾ?

ಇನ್ನೊಂದು. ಹೋದ ಸಲ ಮಾಲೆ ಹಾಕಿದ ಎರಡನೇ ದಿನ ದೇವಸ್ಥಾನದಲ್ಲಿ ಭಜನೆ ಮಾಡ್ತಾ ಮಾಡ್ತಾ ಬಿದ್ದು ಕೈಕಾಲು ಸೆಟೆದುಕೊಂಡ, ಬಾಯಲ್ಲಿ ನೊರೆ. ಮೂರನೇ ದಿನ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತ ಒರೆಸ್ತಾ ಕೂತಿದ್ದ, ನನ್ನನ್ನೇ ಯಾರು ನೀನು ಅಂದ. ಮೈ ಸುಡ್ತಿತ್ತು, ಬೆವರು. ಮೈಲಿಗೆ ಆಗಿದೆ ಅಂದ್ರು ಕೆಲವ್ರು, ಗಾಳಿ ಸೋಕಿದೆ ಅಂದ್ರು ಕೆಲವ್ರು. ತಾಯ್ತ ಕಟ್ಸಿ ಡಾಕ್ಟರ ಹತ್ರ ಗ್ಲೂಕೋಸ್ ಹಾಕ್ಸಿದ್ವಿ. ನಾಲ್ಕೈದು ದಿನಕ್ಕೆ ಸರಿ ಹೋದ.

ಈಗ ಅಮ್ಮ ಯಾರೋ ಹೇಳಿದ್ರು ಅಂತ ಒಂದು ಪುಡಿ ತಂದಿಟ್ಟಿದಾರೆ, ಗೊತ್ತಾಗದಂಗೆ ಸಾರಲ್ಲಿ ಬೆರೆಸಿದ್ರೆ ಕುಡಿತ ತಾನಾಗೇ ಬಿಟ್ಟೋಗುತ್ತಂತೆ. 2800 ರೂಪಾಯಿ. ಹಾಕ್ಬೋದಾ? ಮಾಲೆ ಸೀಸನ್ನಿಗೆ ಇನ್ನ ಎರಡು ತಿಂಗಳಿದೆ, ಅಷ್ಟರಲ್ಲಿ ಏನಾದ್ರೂ ಮಾಡ್ಬೇಕು ಅಂತ.

ನೈಟ್_ಡ್ಯೂಟಿ

ಮೊದಲು ಪುಡಿ ವಿಷ್ಯ. ಹಾಕ್ಬೇಡಿ ಅಮ್ಮ. ಇವತ್ತು ರಾತ್ರಿ ಸಾರಿಗೂ ಹಾಕ್ಬೇಡಿ, ಡಬ್ಬಿ ತೆಗೆದು ನಿಮ್ ಹತ್ರ ಇಟ್ಕೊಳಿ. ನಾನು ಸ್ಟಾಫ್ ನರ್ಸು, ಹದಿನಾಲ್ಕು ವರ್ಷ ಸರ್ವಿಸ್, ಅದ್ರಲ್ಲಿ ಆರು ವರ್ಷ ಮೆಡಿಕಲ್ ವಾರ್ಡಲ್ಲೇ.

ಆ ಪುಡಿ ಒಳಗೆ ಏನಿದೆ ಅಂತ ಡಬ್ಬಿ ಮೇಲೆ ಬರೆದಿರಲ್ಲ. ಬರೀ ಬೇರು ನಾರು ಇದ್ರೆ 2800 ಹೋಯ್ತು ಅಷ್ಟೆ. ಆದ್ರೆ ಡೈಸಲ್ಫಿರಾಮ್ ಅನ್ನೋ ಮಾತ್ರೆ ಇದೆ, ಅದನ್ನ ಮೆಡಿಕಲ್ ಶಾಪಿಂದ ತಂದು ಪುಡಿ ಮಾಡಿ ಸಾರಿಗೋ ಮುದ್ದೆಗೋ ಸೇರಿಸೋ ಮನೆಗಳು ಬೇಕಾದಷ್ಟಿವೆ. ಎಣ್ಣೆ ಹೊಟ್ಟೆಗೆ ಹೋದ್ರೆ ಲಿವರ್ರು ಅದನ್ನ ಮೊದಲು ಅಸೆಟಾಲ್ಡಿಹೈಡ್ ಅನ್ನೋ ವಿಷ ಮಾಡುತ್ತೆ, ಆಮೇಲೆ ಆ ವಿಷಾನ ಒಡೆದು ಹೊರಗೆ ಹಾಕುತ್ತೆ. ಈ ಮಾತ್ರೆ ಎರಡನೇ ಕೆಲಸ ನಿಲ್ಲಿಸಿಬಿಡುತ್ತೆ. ಅಷ್ಟೂ ವಿಷ ರಕ್ತದಲ್ಲೇ ನಿಂತ್ಕೊಳುತ್ತೆ. ಮುಖ ಕೆಂಡದ ಥರ, ತಲೆ ಸಿಡಿತ, ವಾಂತಿ, ಎದೆ ಡವಡವ, ಬಿಪಿ ಕುಸಿತ. ತಾನು ಈ ಮಾತ್ರೆ ತಗೊಂಡಿದೀನಿ ಅಂತ ಗೊತ್ತಿರೋನು ಹೆದರಿ ಕುಡಿಯಲ್ಲ, ಮಾತ್ರೆ ಕೆಲಸ ಮಾಡೋದೇ ಆ ಹೆದರಿಕೆಯಿಂದ. ಗೊತ್ತಿಲ್ಲದೋನು ಎಂದಿನ ಹಾಗೆ ಕ್ವಾರ್ಟರ್ ಏರಿಸ್ತಾನೆ, ಏನೋ ಆಗ್ತಿದೆ ಅಂತ ಇನ್ನೊಂದು ಏರಿಸ್ತಾನೆ. ಹಂಗೆ ಆಟೋದಲ್ಲಿ ಹೊತ್ಕೊಂಡು ಬಂದೋರನ್ನ ನೋಡಿದೀನಿ, ಕರ್ಕೊಂಡು ಬಂದ ಹೆಂಡ್ತಿ ಬಾಯೇ ಬಿಡಲ್ಲ, ಒಂದು ಗಂಟೆ ಆದ್ಮೇಲೆ ನನ್ನ ಪಕ್ಕಕ್ಕೆ ಕರೆದು ಸಿಸ್ಟರ್ ನಾನೇ ಸಾರಲ್ಲಿ ಹಾಕಿದ್ದು ಅಂತಾರೆ. ಮಾತ್ರೆ ನಿಲ್ಸಿದ್ರೂ ಎರಡು ವಾರದ ತನಕ ಮೈಯಲ್ಲಿ ಅದರ ಕೆಲಸ ಇರುತ್ತೆ. ಡಾಕ್ಟ್ರು ಇದನ್ನ ಕೊಡೋದೇ ರೋಗಿ ಕೈಯಲ್ಲಿ ಒಪ್ಪಿಗೆ ತಗೊಂಡು, ಲಿವರ್ ಟೆಸ್ಟು ಇಸಿಜಿ ನೋಡಿ. (ಇದು ರಬ್ಬರ್ ಕಾರ್ಖಾನೆಯಲ್ಲಿ ಬಳಸ್ತಿದ್ದ ಕೆಮಿಕಲ್ಲು ಗೊತ್ತಾ, ಅಲ್ಲಿನ ಕೆಲಸದೋರಿಗೆ ಕುಡಿದ್ರೆ ಸೇರಲ್ಲ ಅನ್ನೋದು ಆಗ್ಲೇ ಕಂಡಿತ್ತು. 1940ರ ದಶಕದಲ್ಲಿ ಡೆನ್ಮಾರ್ಕಿನೋರು ಔಷಧಿ ಮಾಡಿದ್ರು.)

ಎರಡನೇದು, ನೀವು ಬರೆದಿದ್ದು ಓದಿ ನನಗೆ ನಿಜವಾಗ್ಲೂ ಮೈ ಜುಮ್ ಅಂತು. ಅದು ಗಾಳಿನೂ ಅಲ್ಲ ಮೈಲಿಗೆನೂ ಅಲ್ಲ. ವರ್ಷಗಟ್ಲೆ ಎಣ್ಣೆ ಮೆದುಳನ್ನ ಒತ್ತಿ ಹಿಡಿದಿರುತ್ತೆ, ಮೆದುಳು ಅದಕ್ಕೆ ಎದುರಾಗಿ ತಾನೂ ಜೋರಾಗಿ ತಳ್ತಾ ಇರುತ್ತೆ, ಒಂದೇ ದಿನ ಎಣ್ಣೆ ತೆಗೆದ್ರೆ ಒತ್ತೋದು ಹೋಯ್ತು ತಳ್ಳೋದು ಉಳಿತು. ಮೊದಲ ಒಂದೂವರೆ ಎರಡು ದಿನದಲ್ಲಿ ಕೈ ನಡುಕ, ಬೆವರು, ನಿದ್ದೆ ಇಲ್ಲ, ಕೆಲವ್ರಿಗೆ ಫಿಟ್ಸು. ಎರಡು ಮೂರನೇ ದಿನಕ್ಕೆ ಇರುವೆ ಹಾವು ಕಾಣೋದು, ಜನ ಗುರುತು ಸಿಗದೆ ಇರೋದು, ಜ್ವರ. ಡೆಲೀರಿಯಮ್ ಟ್ರೆಮೆನ್ಸ್ ಅಂತಾರೆ, ನಾವು ವಾರ್ಡಲ್ಲಿ ಡಿಟಿ ಅಂತೀವಿ. ಚಿಕಿತ್ಸೆ ಇಲ್ದೆ ಬಿಟ್ರೆ ಜೀವನೇ ಹೋಗ್ಬೋದು. ನಿಮ್ಮಣ್ಣ ಹೋದ ವರ್ಷ ಬದುಕಿದ್ದು ಅದೃಷ್ಟ. ಒಂದ್ಸಲ ಫಿಟ್ಸ್, ಡಿಟಿ ಆದೋರಿಗೆ ಮುಂದಿನ ಸಲ ಆಗೋ ಸಾಧ್ಯತೆ ಜಾಸ್ತಿ. ಆದ್ರಿಂದ ಈ ಸಲ ಒಂದೇ ಏಟಿಗೆ ನಿಲ್ಲಿಸಿ ಮಾಲೆ ಹಾಕೋದು ಬೇಡ್ವೇ ಬೇಡ. ಕೇಳೋಕೆ ವಿಚಿತ್ರ ಅನ್ಸುತ್ತೆ, ಆದ್ರೂ ಹೇಳ್ತೀನಿ, ಆಸ್ಪತ್ರೆಗೆ ತೋರಿಸೋ ತನಕ ನೀವಾಗಿ ಬಲವಂತ ಮಾಡಿ ಪೂರ್ತಿ ನಿಲ್ಲಿಸ್ಬೇಡಿ.

ಗ್ಲೂಕೋಸ್ ವಿಷ್ಯ. ಜಾಸ್ತಿ ಕುಡಿಯೋರಿಗೆ ಊಟ ಸೇರಲ್ಲ, ತಿಂದಿದ್ದೂ ಮೈಗೆ ಹತ್ತಲ್ಲ, ಬಿ1 ವಿಟಮಿನ್ನು ಅಂದ್ರೆ ಥಯಾಮಿನ್ ಖಾಲಿ ಆಗಿರುತ್ತೆ. ಅದನ್ನ ಕೊಡದೆ ಬರೀ ಗ್ಲೂಕೋಸ್ ಬಾಟ್ಲಿ ಏರಿಸಿದ್ರೆ ಉಳಿದ ಚೂರೂ ಕರಗಿ ಮೆದುಳಿಗೆ ಪೆಟ್ಟು ಬೀಳ್ಬೋದು. ಕಣ್ಣು ಗುಡ್ಡೆ ಅದುರೋದು, ನಡಿಗೆ ತೂರಾಡೋದು, ಆಮೇಲೆ ಶಾಶ್ವತವಾಗಿ ಮರೆವು. ಅದಕ್ಕೆ ಎಲ್ಲೇ ಡ್ರಿಪ್ ಹಾಕ್ಸಿದ್ರೂ ಮೊದಲು 'ಇವ್ರು ದಿನಾ ಕುಡೀತಾರೆ' ಅಂತ ಹೇಳಿ. ನಾಚಿಕೆ ಪಟ್ಟು ಮುಚ್ಚಿಡೋದೇ ನಮ್ ವಾರ್ಡಲ್ಲಿ ದೊಡ್ಡ ತಲೆನೋವು. ಕಾಲು ಮುರಿದು ಅಡ್ಮಿಟ್ ಆಗಿರ್ತಾರೆ, ಕುಡಿಯೋ ವಿಷ್ಯ ಹೇಳಿರಲ್ಲ, ಮೂರನೇ ರಾತ್ರಿ ಡ್ರಿಪ್ ಕಿತ್ತು ಓಡ್ತಾರೆ.

ಹೋಗಬೇಕಾದ್ದು ಎಲ್ಲಿಗೆ ಅಂದ್ರೆ ಜಿಲ್ಲಾಸ್ಪತ್ರೆ ಮನೋವೈದ್ಯ ವಿಭಾಗ. ತಾಲೂಕು ಆಸ್ಪತ್ರೆಗೂ ಮಂಗಳವಾರ ಮನೋಚೈತನ್ಯ ಅಂತ ಸೈಕಿಯಾಟ್ರಿಸ್ಟ್ ಬರೋ ವ್ಯವಸ್ಥೆ ಇದೆ, ಯಾವ ಮಂಗಳವಾರ ಅಂತ ಫೋನ್ ಮಾಡಿ ಕೇಳ್ಕೊಳಿ. ಬೆಂಗ್ಳೂರು ಆಗುತ್ತೆ ಅಂದ್ರೆ ನಿಮ್ಹಾನ್ಸಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಫೋನಲ್ಲೇ ಮೊದಲು ಮಾತಾಡ್ಬೇಕು ಅಂದ್ರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ವ್ಯಸನಕ್ಕೇ ಅಂತ 14446 ಇದೆ. ಎರಡೂ ಫ್ರೀ.

ಗಟ್ಟಿಪಿಂಡ

ನಾನ್ ಹೇಳೋದು ಕೆಲವ್ರಿಗೆ ಬೇಜಾರಾಗ್ಬೋದು. 15 ವರ್ಷ ಸಿಗರೇಟು ಸೇದಿ ಮಗಳು ಹುಟ್ಟಿದ ದಿನ ಬಿಸಾಕ್ದೆ, ಇವತ್ತಿನ ತನಕ ಮುಟ್ಟಿಲ್ಲ. ಡಾಕ್ಟ್ರಿಲ್ಲ ಗುಳಿಗೆ ಇಲ್ಲ. ಮನಸ್ಸಿದ್ರೆ ಮಾರ್ಗ ಅಷ್ಟೇ. ಮಾಲೆ ಹಾಕಿದಾಗ 48 ದಿನ ಇರ್ತಾನೆ ಅಂದ್ಮೇಲೆ 49ನೇ ದಿನ ಯಾಕಿರಲ್ಲ? ಕಾಯಿಲೆ ಕಾಯಿಲೆ ಅಂತ ನೀವೆಲ್ಲ ಹೇಳಿ ಹೇಳಿ ಕುಡುಕರಿಗೆ ಒಂದು ನೆಪ ಕೊಟ್ಟಂಗಾಯ್ತು. ಶುಗರ್ ಬಂದೋನು ಬೇಕಂತ ತಂದ್ಕೊಂಡಿರಲ್ಲ, ಇವ್ನು ದುಡ್ಡು ಕೊಟ್ಟು ತಂದ್ಕೊಂಡಿದಾನೆ. ಅತ್ತಿಗೆ ತವರಿಗೆ ಹೋಗಿದ್ದು ಸರಿ ಇದೆ. ಮಿಕ್ಕಿದೋರೂ ಕೈ ಬಿಡಿ, ತಾನಾಗೇ ದಾರಿಗೆ ಬರ್ತಾನೆ.

ಧಾರವಾಡ_ಪೇಢೆ

ಗಟ್ಟಿಪಿಂಡ ಅವರ, ನೀವು ಸಿಗರೇಟ್ ಬಿಟ್ಟದ್ದು ಖರೇನ ಭಾರೀ ಆತು ನೋಡ್ರಿ, ಹಾಸ್ಯಾ ಮಾಡಾಕತ್ತಿಲ್ಲ. ಆದ್ರ 49ನೇ ದಿನ ಯಾಕಿರಂಗಿಲ್ಲ ಅಂತ ಕೇಳಿದ್ರಲ್ಲ, ಅದಕ್ಕ ಉತ್ತರ ನಾ ಹೇಳ್ತೀನಿ, ಯಾಕಂದ್ರ ನಾ ಆ 49ನೇ ದಿನಾ ಭಾಳ ಸಲ ನೋಡೇನಿ.

ನಾ ಕುಡಿಯೂದು ಬಿಟ್ಟು ಏಳು ವರ್ಷದ ಮ್ಯಾಲ ಆತು. ಅದಕ್ಕೂ ಮೊದಲ ನಾಕು ಸಲ ಬಿಟ್ಟಿದ್ದೆ. ಒಮ್ಮೆ ಶ್ರಾವಣದಾಗ ಪೂರ್ತಿ ತಿಂಗಳ, ಒಮ್ಮೆ ಕಾಮಣಿ ಆದಾಗ ಮೂರು ತಿಂಗಳ, ಒಮ್ಮೆ ಅವ್ವನ ಮ್ಯಾಲ ಆಣಿ ಮಾಡಿ ಹನ್ನೊಂದು ದಿನ (ಆಣಿ ಎಲ್ಲಾಕ್ಕಿಂತ ಕಡಿಮಿ ನಡೀತ ನೋಡ್ರಿ), ಒಮ್ಮೆ ಆಸ್ಪತ್ರ್ಯಾಗ. ಬಿಡೂದು ಒಂದು ಕೆಲಸ, ಬಿಟ್ಟಲ್ಲೇ ನಿಂದ್ರೂದು ಬ್ಯಾರೇನ ಕೆಲಸ. ಮಂದಿಗೆ ಇವೆರಡೂ ಒಂದ ಅನಸ್ತದ.

ಮಾಲಿ ಹಾಕ್ಕೊಂಡಾಗ ನಿಮ್ಮ ಅಣ್ಣನ ದಿನಾ ಹ್ಯಾಂಗಿರ್ತದ ಅಂತ ಒಂದ್ಸಲ ನೆನಸ್ಕೋ ತಂಗಿ. ಮುಂಜಾನೆ ನಾಕಕ್ಕ ಏಳಬೇಕು. ಕರಿ ಬಟ್ಟಿ. ಊರಾಗ ಸಣ್ಣ ಹುಡುಗೂರ ಹಿಡಿದು ಎಲ್ಲಾರೂ 'ಸ್ವಾಮಿ' ಅಂತಾರ, ಕಾಲ ಮುಗೀತಾರ. ಸಂಜಿ ಆತಂದ್ರ ಭಜನಿ, ಪೂಜಿ, ಕೂಡಾಕ ಹತ್ತು ಮಂದಿ. ಕುಡಿಯೂ ಗೆಳ್ಯಾರು ಅವರಾಗೇ ದೂರ ಸರೀತಾರ, ಬಾ ಅಂತ ಕರಿಯಂಗಿಲ್ಲ. ಬಾರ್‌ನಾವನೂ ಕೊಡಂಗಿಲ್ಲ. ರೊಕ್ಕ ಎಲ್ಲಾ ಇರುಮುಡಿಗೆ, ಗಾಡಿ ಬಾಡಿಗಿಗೆ. ಮುಗಿಯೂ ದಿನ ಯಾವ್ದು ಅಂತ ಗೊತ್ತಿರ್ತದ. ಮಾಲಿ ಇಳಿಸಿದ ಕೂಡ್ಲೇ ಇದಿಷ್ಟೂ ಒಂದ ದಿನದಾಗ ಹೋಗ್ತದರೀ. ನಿನ್ನಿ ತನಕಾ ಸ್ವಾಮಿ, ಇವತ್ತ ಮತ್ತ ಅದ 'ಏ ಕುಡುಕ'. ಸಂಜಿ ಆರು ಗಂಟೆಕ್ಕ ಮಾಡಾಕ ಏನೂ ಇಲ್ಲ. ಹೇಂತಿ ಇಲ್ಲ, ಮಗ ಇಲ್ಲ.

ನನಗ ಬಾರ್ ನೋಡಿದ್ರ ಏನೂ ಆಗ್ತಿರ್ಲಿಲ್ಲ. ಶನಿವಾರ ಬಟವಡೆ ಕೈಯಾಗ ಬಂದು ನೋಟು ಎಣಿಸೂ ಮುಂದ ಬಾಯಾಗ ನೀರ ಬರ್ತಿದ್ವು. ಮಿರ್ಚಿ ಬಜಿ ವಾಸ್ನಿ ಬಂದ್ರ ಸಾಕಿತ್ತು. ಬಿಟ್ಟು ಎರಡು ವರ್ಷ ಆದ ಮ್ಯಾಲೂ ಹಂಗ ಆಗ್ತಿತ್ತು. ತಲೀ ಮರತಿದ್ರೂ ಮೈ ಮರತಿರಂಗಿಲ್ಲ. ಅದಕ್ಕ ನನ್ನ ಪಗಾರ ನೇರ ಹೇಂತಿ ಖಾತೆಕ್ಕ ಹಾಕ್ರಿ ಅಂತ ಸೇಠಗ ನಾನ ಹೇಳಿದೆ, ಶನಿವಾರ ಸಂಜಿಕ ಎಎ ಮೀಟಿಂಗ್ ಹಿಡಿದೆ. ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಾಗ ಅಮೆರಿಕಾದಾಗ ಇಬ್ಬರು ಕುಡುಕರ ಕೂಡಿ ಚಾಲೂ ಮಾಡಿದ್ದು, ಈಗ ನಮ್ಮ ಕಡೇನೂ ಕನ್ನಡದಾಗ ನಡೀತಾವ, ಫೀ ಇಲ್ಲ, ಅಡ್ಡ ಹೆಸರು ಕೇಳಂಗಿಲ್ಲ. ಇವತ್ತ ಒಂದ ದಿನ ಕುಡಿಯಂಗಿಲ್ಲ ಅನ್ನೂದಷ್ಟ ಅಲ್ಲಿ. ಮೊದಲ ದಿನ ಹೋದಾಗ ಇವರೇನ ಹೇಳ್ತಾರ ನನಗ ಅಂತ ಹಿಂದ ಕುರ್ಚಿ ಮ್ಯಾಲ ಕೈ ಕಟ್ಟಿ ಕುಂತಿದ್ದೆ. ಒಬ್ಬ ರಿಟೈರ್ ಮಾಸ್ತರು ಎದ್ದು ನಿಂತು, ಬಾಟ್ಲಿ ಎಲ್ಲೆಲ್ಲಿ ಮುಚ್ಚಿ ಇಡ್ತಿದ್ದೆ ಅಂತ ಹೇಳಾಕ ಹತ್ತಿದ್ರು. ಹಿಟ್ಟಿನ ಡಬ್ಬಿ, ಗಾಡಿ ಡಿಕ್ಕಿ, ದನದ ಕೊಟ್ಟಿಗ್ಯಾಗಿನ ಗ್ವಾದ್ಲಿ. ಗ್ವಾದ್ಲಿ ನನ್ನ ಜಾಗಾನೂ ಆಗಿತ್ತರೀ! ಅವತ್ತ ನಾ ಹೊಟ್ಟಿ ಹಿಡಕೊಂಡು ನಕ್ಕೆ, ಆಮ್ಯಾಲ ಅತ್ತೆ.

ಎಲ್ಲಾರಿಗೂ ಎಎ ಹೊಂದ್ತದ ಅಂತ ನಾ ಅನ್ನಂಗಿಲ್ಲ. ನನ್ನ ಗೆಳ್ಯಾ ಒಬ್ಬಾಂವ ಎರಡು ಸಲ ಬಂದು ಬ್ಯಾಡ ಅಂದ, ಗುಳಿಗಿ ಮ್ಯಾಲ ಛಲೋ ಅದಾನ.

ಓದೋ_ಹುಚ್ಚು

ಧಾರವಾಡದವರು ಹೇಳಿದ್ದಕ್ಕೆ ಒಂದು ಹಳೇ ಕತೆ ಸೇರಿಸ್ತೀನಿ. ನಾನು ಸೈಕಾಲಜಿ ಓದ್ತಿದೀನಿ, ಡಾಕ್ಟರ್ ಅಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರಲ್ಲಿ ಹತ್ತಿರತ್ತಿರ ಐದರಲ್ಲಿ ಒಬ್ಬರಿಗೆ ಅಲ್ಲಿ ಹೆರಾಯಿನ್ ಅಂಟಿಕೊಂಡಿತ್ತು. 1971ರಲ್ಲಿ ಇವರೆಲ್ಲ ಊರಿಗೆ ಬಂದ್ರೆ ಗತಿ ಏನು ಅಂತ ಸರ್ಕಾರಕ್ಕೇ ಭಯ. ಲೀ ರಾಬಿನ್ಸ್ ಅನ್ನೋ ಸಂಶೋಧಕಿ ವಾಪಸ್ ಬಂದೋರನ್ನ ಹುಡುಕಿ ಮಾತಾಡಿಸಿದ್ರು. ಬಹುಪಾಲು ಜನ ಮನೆಗೆ ಬಂದ್ಮೇಲೆ ಮತ್ತೆ ಚಟಕ್ಕೆ ಬಿದ್ದಿರಲಿಲ್ಲ! ಅದೇ ಮನುಷ್ಯ, ಅದೇ ಮೆದುಳು, ಜಾಗ ಬದಲಾಗಿತ್ತು. ನಿಮ್ಮಣ್ಣಂದು ಇದರ ಉಲ್ಟಾ ಅಂತ ನೋಡಿ. 48 ದಿನ ಬೇರೆ ಊರಲ್ಲಿ ಇದ್ದಂಗೆ ಇದ್ದು, 49ನೇ ದಿನ ಯುದ್ಧಕ್ಕೆ ವಾಪಸ್ ಹೋಗ್ತಾರೆ.

ಆದ್ರೆ ಇದನ್ನ ಹಿಡ್ಕೊಂಡು 'ಪ್ರೀತಿ ಕೊಟ್ರೆ ಸಾಕು ಚಟ ಹೋಗುತ್ತೆ' ಅಂತ ರೀಲ್ಸ್ ಮಾಡೋರ ಮಾತು ನಂಬಬೇಡಿ. ಕೆನಡಾದ ಇಲಿಗಳ ಪ್ರಯೋಗ ಒಂದಿದೆ, ಒಂಟಿ ಬೋನಲ್ಲಿದ್ದ ಇಲಿ ಮಾರ್ಫಿನ್ ಅನ್ನೋ ಮತ್ತಿನ ಔಷಧಿ ಬೆರೆಸಿದ ನೀರು ಜಾಸ್ತಿ ಕುಡೀತು, ಜೊತೆಗಾರರು ಆಟ ಎಲ್ಲ ಇದ್ದ ದೊಡ್ಡ ಜಾಗದ ಇಲಿ ಕಡಿಮೆ ಕುಡೀತು ಅಂತ. ಆಮೇಲೆ ಬೇರೆಯವರು ಮಾಡಿದಾಗ ಎಲ್ಲ ಸಲವೂ ಹಾಗೇ ಬರಲಿಲ್ಲ. ವಂಶದ ಪಾಲೂ ಇದೆ, ಅವಳಿ ಮಕ್ಕಳು ದತ್ತು ಮಕ್ಕಳ ಅಧ್ಯಯನ ಎಲ್ಲ ಸೇರಿಸಿ ಕುಡಿತದ ರೋಗಕ್ಕೆ ಸುಮಾರು ಅರ್ಧದಷ್ಟು ವಂಶವಾಹಿ ಕಾರಣ ಅಂತಾರೆ. ಅರ್ಧ ಅಂದ್ರೆ ಹಣೆಬರಹ ಅಂತಲ್ಲ. ಅಪ್ಪ ಕುಡುಕ ಆಗಿ ಮಗ ಮುಟ್ಟದೇ ಇರೋ ಮನೆ ಎಷ್ಟಿಲ್ಲ. ಹದಿನೈದು ವಯಸ್ಸಿಗೇ ಶುರು ಮಾಡಿದೋರಿಗೆ ಅಂಟೋ ಅಪಾಯ ಜಾಸ್ತಿ. ಜೊತೆಗೆ ಖಿನ್ನತೆ, ಭಯ, ನಿದ್ದೆ ಇಲ್ದಿರೋದು, ಇದನ್ನೆಲ್ಲ ತಾನೇ ಎಣ್ಣೆಯಿಂದ ವಾಸಿ ಮಾಡ್ಕೊಳಕ್ಕೆ ಹೋಗಿ ಸಿಕ್ಕಾಕ್ಕೊಂಡೋರು ಬೇರೆ. ಇನ್ನ ಎಲ್ಲದಕ್ಕೂ ಡೋಪಮಿನ್ ಡೋಪಮಿನ್ (ಮೆದುಳಲ್ಲಿ ಖುಷಿ, ಆಸೆಗೆ ಸಂಬಂಧಪಟ್ಟ ರಾಸಾಯನಿಕ) ಅನ್ನೋದು ಈಗ ಫ್ಯಾಷನ್ ಆಗಿದೆ. ಆದ್ರೆ ಮೊದಮೊದಲು ಖುಷಿಗೆ ಕುಡಿಯೋನು ಕೊನೆಕೊನೆಗೆ ನಡುಕ ನಿಲ್ಲಿಸೋಕೆ ಕುಡೀತಾನೆ, ಖುಷಿ ಯಾವತ್ತೋ ಹೋಗಿರುತ್ತೆ. ನಿಮ್ಮಣ್ಣನ ಬೆಳಗಿನ ನೈಂಟಿ ಇದೆಯಲ್ಲ, ಅದು ಮಜಾ ಅಲ್ಲ.

ಲೆಕ್ಕ ಒಂದು ಹೇಳ್ಬಿಡ್ತೀನಿ, ಒಂದು ಕ್ವಾರ್ಟರ್ ಅಂದ್ರೆ 180 ಎಂಎಲ್, ಶುದ್ಧ ಆಲ್ಕೋಹಾಲ್ ಲೆಕ್ಕದಲ್ಲಿ 60 ಗ್ರಾಂ ಹತ್ರ. ಡಾಕ್ಟರ್‌ಗಳ ಲೆಕ್ಕದ ಒಂದು ಡ್ರಿಂಕ್ 10 ಗ್ರಾಂ. ಮೂರು ಕ್ವಾರ್ಟರ್ ಅಂದ್ರೆ ದಿನಕ್ಕೆ 18 ಡ್ರಿಂಕ್. ಅಣ್ಣನ ಹತ್ರ ಎಷ್ಟು ಕುಡೀತೀಯಾ ಅಂತ ಕೇಳೋ ಡಾಕ್ಟರ್‌ಗೆ ಕ್ವಾರ್ಟರ್ ಲೆಕ್ಕದಲ್ಲೇ ಹೇಳಿ, ಅವರಿಗೆ ಅರ್ಥ ಆಗುತ್ತೆ.

ಗಟ್ಟಿಪಿಂಡ ಅವರು ಶುಗರ್ ಹೋಲಿಕೆ ಕೊಟ್ರಲ್ಲ. ಶುಗರ್ ಇರೋರೂ ಜಾಮೂನು ದುಡ್ಡು ಕೊಟ್ಟೇ ತಿಂತಾರೆ ಸಾರ್. ಆದ್ರೂ ಆಸ್ಪತ್ರೆಯವರು ವಾಪಸ್ ಕಳಿಸಲ್ಲ.

ಬೆಳ್ತಂಗಡಿ_ಅಕ್ಕ

ನಾನು ಹೆಂಡತಿ ಜಾಗದಲ್ಲಿ ನಿಂತು ಹೇಳ್ತೇನೆ ಆಯ್ತಾ. ನಿಮ್ಮ ಅತ್ತಿಗೆಯ ಮೇಲೆ ಯಾರೂ ಸಿಟ್ಟು ಮಾಡಬೇಡಿ.

ನಮ್ಮವರು ಹದಿನಾರು ವರ್ಷ ಕುಡಿದರು. ಮೊದಲು ಸಾರಾಯಿ ಪ್ಯಾಕೆಟ್ಟು, 2007ರ ಜುಲೈಯಲ್ಲಿ ಸಾರಾಯಿ ಬಂದ್ ಆದಾಗ ನಾನು ದೇವರಿಗೆ ಹಣ್ಣುಕಾಯಿ ಮಾಡಿಸಿದ್ದೆ. ಎಂಥದೂ ಇಲ್ಲ ಮಾರಾಯ್ರೆ, ಪ್ಯಾಕೆಟ್ಟಿಂದ ಕ್ವಾರ್ಟರಿಗೆ ಬಂದರು, ಖರ್ಚು ಜಾಸ್ತಿ ಆಯಿತು ಅಷ್ಟೆ.

ನಾನು ಮಾಡಿದ ದೊಡ್ಡ ತಪ್ಪು ಹೇಳ್ತೇನೆ. ಅವರು ಕೆಲಸಕ್ಕೆ ಹೋಗದ ದಿನ ಧಣಿಗಳಿಗೆ ಫೋನ್ ಮಾಡಿ ಜ್ವರ ಅಂತ ಹೇಳುವುದು ನಾನು, ಅಂಗಡಿ ಸಾಲ ತೀರಿಸುವುದು ನಾನು, ವಾಂತಿ ಒರೆಸುವುದು ನಾನು, ಬಾಟ್ಲಿ ಹುಡುಕಿ ಚೆಲ್ಲುವುದೂ ನಾನೇ. ಬೆಳಗ್ಗೆ ಎದ್ದರೆ ಅವರಿಗೆ ಎಂಥದೂ ಆಗಿಯೇ ಇಲ್ಲ, ಎಲ್ಲ ಸ್ವಚ್ಛ. ಮತ್ತೆ ಅವರು ಯಾಕೆ ಬಿಡುವುದು? ಮನೆಯವರಿಗೆ ಅಂತಲೇ ಬೇರೆ ಸಂಘ ಉಂಟು, ಅಲ್-ಅನಾನ್ ಅಂತ, ಅಲ್ಲಿ ಇದು ನನಗೆ ಗೊತ್ತಾದದ್ದು. ಆಮೇಲೆ ಸುಳ್ಳು ಹೇಳುವುದು ನಿಲ್ಲಿಸಿದೆ. ಆದರೆ ಗಟ್ಟಿಪಿಂಡ ಅಣ್ಣ ಹೇಳಿದ ಹಾಗೆ ಕೈ ಬಿಡಲೂ ಇಲ್ಲ. ಕುಡಿದ ದಿನ ಮಾತಿಲ್ಲ, ಜಗಳವೂ ಇಲ್ಲ, ನಾನು ಮಕ್ಕಳು ಉಂಡು ಮಲಗುವುದು. ಕುಡಿಯದ ದಿನ ಅವರಿಗೆ ಇಷ್ಟದ ನೀರುದೋಸೆ, ಮಕ್ಕಳನ್ನು ಕಳಿಸಿ ಅಪ್ಪನ ಜೊತೆ ತೋಟಕ್ಕೆ. ಸಣ್ಣ ವಿಷಯ ಅಂತ ಕಾಣ್ತದೆ, ಅಲ್ಲ.

ಸೇರಿಸುವ ಜಾಗದ ಬಗ್ಗೆ ಜಾಗ್ರತೆ. ಮೊದಲ ಸಲ ನಾವು ಸಿಟಿ ಹೊರಗಿನ ಒಂದು ಸೆಂಟರಿಗೆ ಸೇರಿಸಿದ್ದು, ಹೆಸರು ಬೇಡ. ಮೂರು ತಿಂಗಳು ನೋಡಲು ಬಿಡುವುದಿಲ್ಲ ಅಂದರು. ಹೊರಗೆ ಬಂದಾಗ ಕಾಲಿನಲ್ಲಿ ಸರಪಳಿ ಗುರುತು. ಬಂದ ವಾರದಲ್ಲಿ ಮೊದಲಿಗಿಂತ ಜಾಸ್ತಿ ಕುಡಿದರು, ನನ್ನ ಮೇಲಿನ ಸಿಟ್ಟಿಗೆ. ಅದು ಕಾನೂನಿಗೇ ವಿರುದ್ಧ ಅಂತ ಆಮೇಲೆ ಗೊತ್ತಾಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ತೊಂದರೆಯೂ ಸೇರ್ತದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವ ಹಾಗೆಯೇ ಇಲ್ಲ. ಅವರು ಒಪ್ಪದಿದ್ದರೂ ಸೇರಿಸಬೇಕಾದ ಪರಿಸ್ಥಿತಿ ಇದ್ದರೆ ಇಬ್ಬರು ತಜ್ಞರು ಬೇರೆ ಬೇರೆ ಪರೀಕ್ಷೆ ಮಾಡಿ ಒಪ್ಪಬೇಕು, ಅದೂ ಮೊದಲಿಗೆ 30 ದಿನದ ಒಳಗೆ. ಸೆಂಟರಿಗೆ ರಿಜಿಸ್ಟ್ರೇಶನ್ ಉಂಟಾ, ಡಾಕ್ಟರ್ ದಿನಾ ಬರ್ತಾರಾ, ಮನೆಯವರಿಗೆ ನೋಡಲು ಬಿಡ್ತಾರಾ, ಈ ಮೂರು ಕೇಳಿ. ಉತ್ತರ ತಿರುಗಿಸಿದರೆ ಹೊರಗೆ ಬನ್ನಿ.

ಎರಡನೇ ಸಲ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ನಡುಕ ಎಲ್ಲ ಇಳಿದ ಮೇಲೆ ಧರ್ಮಸ್ಥಳದವರ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಎಂಟು ದಿನ. ಯೋಗ, ಭಜನೆ, ಗುಂಪಿನಲ್ಲಿ ಮಾತು, ಒಂದು ದಿನ ಮನೆಯವರನ್ನೂ ಕರೆದು ಕೂರಿಸ್ತಾರೆ. ಶಿಬಿರ ಒಳ್ಳೆಯದೇ, ಆದರೆ ನನ್ನ ಕೇಳಿದರೆ ಅವರನ್ನು ಉಳಿಸಿದ್ದು ಆ ಎಂಟು ದಿನ ಅಲ್ಲ, ನಂತರದ ನವಜೀವನ ಸಮಿತಿ. ಬಿಟ್ಟವರೆಲ್ಲ ಊರಲ್ಲಿ ಆಗಾಗ ಸೇರ್ತಾರೆ. ಒಬ್ಬ ಬರದಿದ್ದರೆ ಇಬ್ಬರು ಮನೆಗೇ ಬರ್ತಾರೆ ಹುಡುಕಿಕೊಂಡು. ಮಧ್ಯದಲ್ಲಿ ಒಂದು ಸಲ ಜಾರಿದರು, ತಂಗಿಯ ಮದುವೆಯ ರಾತ್ರಿ. ಮರುದಿನವೇ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಅವರು ಬಯ್ಯಲೇ ಇಲ್ಲ, 'ಬೇಗ ಬಂದ್ರಲ್ಲ, ಒಳ್ಳೇದಾಯ್ತು' ಅಂದರು.

ನೈಟ್_ಡ್ಯೂಟಿ

ಅಕ್ಕ ಹೇಳಿದ ಕ್ರಮ ನೋಡಿ, ಮೊದಲು ಆಸ್ಪತ್ರೆ, ಆಮೇಲೆ ಶಿಬಿರ. ಅದನ್ನ ತಿರುಗಾಮುರುಗಾ ಮಾಡ್ಬೇಡಿ, ಅದರಲ್ಲೂ ಫಿಟ್ಸ್ ಬಂದಿರೋರಿಗೆ.

ಮಾತ್ರೆ ಬಗ್ಗೆ ಒಂದು ಮಾತು ಬಿಟ್ಟೋಯ್ತು. ಮೊದಲ ವಾರ ಹತ್ತು ದಿನ ನಡುಕ ಫಿಟ್ಸ್ ಬರದಂಗೆ ಕ್ಲೋರ್‌ಡಯಾಜಿಪಾಕ್ಸೈಡ್ ಥರದ ಮಾತ್ರೆ ಜಾಸ್ತಿಯಿಂದ ಶುರು ಮಾಡಿ ದಿನಾ ಇಳಿಸ್ತಾ ಬರ್ತಾರೆ, ಲಿವರ್ ಹಾಳಾಗಿದ್ರೆ ಲೊರಾಜಿಪಾಮ್. ಇದನ್ನ ಚೀಟಿ ಇಟ್ಕೊಂಡು ನೀವೇ ತಿಂಗಳುಗಟ್ಲೆ ತರಬೇಡಿ, ಇದೇ ಇನ್ನೊಂದು ಚಟ ಆಗುತ್ತೆ, ಎಣ್ಣೆ ಜೊತೆ ಸೇರಿದ್ರೆ ಉಸಿರೇ ನಿಲ್ಬೋದು. ಅದು ಮುಗಿದ್ಮೇಲೆ ಕುಡೀಬೇಕು ಅನ್ನೋ ಎಳೆತ ಕಮ್ಮಿ ಮಾಡೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೋಫೆನ್ ಅಂತ ಇವೆ. ಯಾರಿಗೆ ಯಾವ್ದು ಅನ್ನೋದು ಲಿವರ್ ಕಿಡ್ನಿ ನೋಡಿ ಡಾಕ್ಟ್ರು ಹೇಳ್ಬೇಕು. ತಿಂಗಳುಗಟ್ಲೆ ತಗೋಬೇಕಾಗುತ್ತೆ, ಎರಡು ವಾರಕ್ಕೆ ಗುಣ ಆಯ್ತು ಅಂತ ನಿಲ್ಲಿಸೋದೇ ಎಲ್ಲರೂ ಮಾಡೋ ತಪ್ಪು.

2019ರ ಕೇಂದ್ರ ಸರ್ಕಾರದ ಸರ್ವೆಯಲ್ಲಿ ಒಂದು ಲೆಕ್ಕ ಬಂತು, ಕುಡಿತಕ್ಕೆ ಪೂರ್ತಿ ಅಂಟಿಕೊಂಡಿರೋ 38 ಜನದಲ್ಲಿ ಒಬ್ಬರಿಗೆ ಮಾತ್ರ ಯಾವ್ದೋ ಒಂದು ಚಿಕಿತ್ಸೆ ಸಿಕ್ಕಿರೋದು ಅಂತ. ಮಿಕ್ಕ 37 ಜನಕ್ಕೆ ಆಣೆ, ತಾಯ್ತ, ಪುಡಿ.

ಗಟ್ಟಿಪಿಂಡ

ಧಾರವಾಡದೋರು ಹೇಳಿದ ಬಟವಡೆ ನೋಟಿನ ವಿಷ್ಯ ಓದಿ ಸ್ವಲ್ಪ ಸುಮ್ನೆ ಕೂತೆ. ನನಗೆ ಈಗ್ಲೂ ಮಳೆ ಬಂದು ಟೀ ಕುಡಿದ್ರೆ ಬೆರಳು ಜೇಬಿಗೆ ಹೋಗುತ್ತೆ, ಹನ್ನೊಂದು ವರ್ಷ ಆಯ್ತು. ಕಾಯಿಲೆ ಅನ್ನೋ ಪದ ನಾನಿನ್ನೂ ಒಪ್ಪಲ್ಲ, ಆದ್ರೆ ಫಿಟ್ಸ್ ವಿಷ್ಯ ಗೊತ್ತಿರ್ಲಿಲ್ಲ. ಕೈ ಬಿಡಿ ಅಂದಿದ್ದು ವಾಪಸ್ ತಗೋತೀನಿ.

ಶಿರಾ_ಸೀಮೆ

ಮೂರು ವಾರ ಆದ್ಮೇಲೆ ಬರೀತಿದೀನಿ, ಲೇಟಾಯ್ತು.

ಪುಡಿ ಕಸದ ಗುಂಡಿಗೆ ಹೋಯ್ತು. ಅಮ್ಮ 2800 ನೆನೆಸ್ಕೊಂಡು ಎರಡು ದಿನ ಮಾತಾಡ್ಲಿಲ್ಲ. ಅಣ್ಣಂಗೆ ಹೆಂಗೆ ಹೇಳೋದು ಅಂತಲೇ ಗೊತ್ತಿರ್ಲಿಲ್ಲ, ಒಂದಿನ ಬೆಳಗ್ಗೆ ಅವನ ನೈಂಟಿ ಆಗಿ ಕೈ ನಿಂತ್ಮೇಲೆ ಹೋದ ವರ್ಷದ ಇರುವೆ ವಿಷ್ಯ ಎತ್ತಿದೆ. ಕುಡಿತದ ಬಗ್ಗೆ ಏನೂ ಹೇಳ್ಲಿಲ್ಲ. ಈ ಸಲ ಮಾಲೆ ಹಾಕಿದಾಗ ಹಂಗೆ ಆಗ್ಬಾರ್ದು ಅಂದ್ರೆ ಮೊದಲೇ ಡಾಕ್ಟ್ರಿಗೆ ತೋರಿಸ್ಬೇಕಂತೆ ಅಂದೆ. ಅವನಿಗೂ ಆ ರಾತ್ರಿ ಭಯ ಇದೆ ಅಂತ ಅವತ್ತೇ ಗೊತ್ತಾಗಿದ್ದು, ನನ್ನ ಗುರುತು ಸಿಗ್ಲಿಲ್ಲ ಅನ್ನೋದನ್ನ ಯಾರೋ ಅವನಿಗೆ ಹೇಳಿದ್ರಂತೆ.

ಮಂಗಳವಾರ ತಾಲೂಕು ಆಸ್ಪತ್ರೆಲಿ ತೋರಿಸಿ ಅಲ್ಲಿಂದ ಜಿಲ್ಲಾಸ್ಪತ್ರೆಗೆ ಬರೆದುಕೊಟ್ರು, ಒಂಬತ್ತು ದಿನ ಅಡ್ಮಿಟ್. ಫಿಟ್ಸ್ ಬರ್ಲಿಲ್ಲ. ಎರಡನೇ ರಾತ್ರಿ ಸ್ವಲ್ಪ ಬಡಬಡಿಸ್ದ, ಬೆಳಗ್ಗೆಗೆ ಸರಿ ಹೋದ. ಈಗ ಮನೇಲಿದಾನೆ, ದಿನಾ ಮಾತ್ರೆ ನಾನೇ ಕೈಗೆ ಕೊಡ್ತೀನಿ ಅವನ ಎದುರಿಗೇನೆ. ಸಿಡಿಮಿಡಿ ಜಾಸ್ತಿ, ನಿದ್ದೆ ಕಮ್ಮಿ. ಮೊನ್ನೆ ಒಬ್ರ ತೋಟದಲ್ಲಿ ಮೋಟ್ರು ಎತ್ತಿ ಬಂದ, ಅವ್ರು ದುಡ್ಡಿನ ಜೊತೆ ಒಂದು ಕ್ವಾರ್ಟರ್ರೂ ಕೊಟ್ರಂತೆ, ಇಲ್ಲಿ ಅದು ಕೂಲಿ ಜೊತೆ ಕೊಡೋ ಅಭ್ಯಾಸ. ತಂದು ಅಮ್ಮನ ಕೈಗೆ ಕೊಟ್ಟ. ಅಮ್ಮಂಗೆ ಏನ್ ಮಾಡ್ಬೇಕು ಗೊತ್ತಾಗ್ದೆ ತುಳಸಿ ಕಟ್ಟೆ ಪಕ್ಕ ಸುರಿದು ಆಮೇಲೆ ಅಯ್ಯೋ ತುಳಸಿ ಅಂತ ಒಂದು ಬಕೆಟ್ ನೀರು ಹಾಕಿದ್ರು.

ಅತ್ತಿಗೆ ಇನ್ನೂ ಬಂದಿಲ್ಲ, ಫೋನ್ ಮಾತ್ರ ಎತ್ತುತಾರೆ ಈಗ.

ಒಂದೇ ಒಂದು ಗೊಂದಲ ಇತ್ತು, ವ್ರತದಲ್ಲಿ ಮಾತ್ರೆ ತಗೋಬೋದಾ ಅಂತ. ಅಣ್ಣನೇ ಗುರುಸ್ವಾಮಿಗಳ ಮನೆಗೆ ಹೋಗಿ ಎಲ್ಲ ಹೇಳ್ಕೊಂಡು ಕೇಳಿದ್ನಂತೆ. ಅವ್ರು ತಮ್ಮ ಕಪಾಟು ತೆಗೆದು ಬಿಪಿ ಮಾತ್ರೆ ಡಬ್ಬಿ ತೋರಿಸಿ, ಹದಿನೆಂಟು ಸಲ ಮಲೆ ಹತ್ತಿದೀನಿ ಇದನ್ನ ಒಂದಿನಾನೂ ಬಿಟ್ಟಿಲ್ಲ ಸ್ವಾಮಿ ಅಂದ್ರಂತೆ. ಈ ಸಲ ಮಾಲೆ ಇಳಿಸಿದ್ಮೇಲೂ ಸಾಯಂಕಾಲ ಭಜನೆಗೆ ಬಾ, ದೀಪಕ್ಕೆ ಎಣ್ಣೆ ಹಾಕೋ ಕೆಲಸ ನಿಂದೇ ಅಂತನೂ ಅಂದ್ರಂತೆ. ಎಣ್ಣೆ ಹಾಕೋ ಕೆಲಸ ನಂಗೇನಾ ಅಂತ ಹೇಳ್ಕೊಂಡು ಮನೆಗೆ ಬಂದು ಅವನೇ ನಕ್ಕ.